ತಮಟೆ ಕಳಕೊಂಡ ಹಾಡು

ಎಂಬತ್ತರ ದಶಕದಲ್ಲಿ ನಮ್ಮ ಕೇರಿಯ ಹೆಂಗಸರು ಹಾಡಿದ ಒಂದು ಕ್ಯಾಸೆಟ್ಟು ನಮ್ಮ ಹತ್ತಿರ ಇದೆ. ಮುಂದೆ ಹಾಡುವ ಅಜ್ಜಿ, ಹಿಂದೆ ಸೊಲ್ಲು ಹಿಡಿಯುವ ನಾಲ್ಕೈದು ಜನ, ಪಕ್ಕದಲ್ಲಿ ತಮಟೆ, ಎಲ್ಲದರ ಮೇಲೆ ಟೇಪಿನ ಸುಯ್ ಸದ್ದು. ಅದನ್ನು ಕಂಪ್ಯೂಟರಿಗೆ ಇಳಿಸಿ, ದನಿಯನ್ನು ತಾನೇ ಚೊಕ್ಕ ಮಾಡುತ್ತದೆ ಎನ್ನುವ ಒಂದು ತಂತ್ರಾಂಶಕ್ಕೆ ಕೊಟ್ಟೆವು. ಎರಡು ನಿಮಿಷಕ್ಕೆ ವಾಪಸ್ಸು ಬಂತು. ಸುಯ್ ಸದ್ದು ಮಾಯ. ತಮಟೆಯೂ ಮಾಯ! ಸೊಲ್ಲಿನವರು ಬಾವಿಯೊಳಗಿಂದ ಕೂಗಿದ ಹಂಗೆ. ಅಜ್ಜಿ ಮಾತ್ರ ಯಾವುದೋ ಸ್ಟುಡಿಯೋದಲ್ಲಿ ಒಬ್ಬಳೇ ಕೂತು ಹಾಡಿದಂತೆ ಕೇಳುತ್ತಾಳೆ.

ಯಂತ್ರ ಎಡವಿತು ಅಂತ ಬಿಡಬಹುದಿತ್ತು. ಆದರೆ ಅದು ಕಲಿಸಿದ ಪಾಠವನ್ನೇ ಒಪ್ಪಿಸಿದೆ.

ಹಳೆಯ ಕ್ರಮ ಸರಳ. 1979ರಲ್ಲಿ ಸ್ಟೀವನ್ ಬೋಲ್ ಬರೆದ ಪ್ರಬಂಧದಲ್ಲಿರುವ ಹಾಗೆ, ಯಾರೂ ಮಾತಾಡದಿರುವಾಗಿನ ಸದ್ದನ್ನು ಅಳೆದು, ಮಾತಿರುವ ಕಡೆಯಿಂದ ಅಷ್ಟನ್ನು ಕಳೆಯುವುದು. ಈಗಿನವುಗಳ ಜಾತಿಯೇ ಬೇರೆ. ಇದು ಚೊಕ್ಕ ಮಾತು, ಇದು ಗದ್ದಲ ಎಂದು ಮೊದಲೇ ವಿಂಗಡಿಸಿ, ನೂರಾರು ಗಂಟೆ ಕೇಳಿಸಿ ಕಲಿಸಿರುತ್ತಾರೆ. ವಿಂಗಡಿಸುವವರು ಯಾರು? 2020ರಲ್ಲಿ ಮೈಕ್ರೋಸಾಫ್ಟ್ ಕಂಪನಿ ಗದ್ದಲ ಕಳೆಯುವ ಸ್ಪರ್ಧೆ ನಡೆಸಿದಾಗ, ಚೊಕ್ಕ ಮಾತಿಗೆಂದು ಆರಿಸಿಕೊಂಡದ್ದು ಲಿಬ್ರಿವಾಕ್ಸಿನಲ್ಲಿ ಗಟ್ಟಿಯಾಗಿ ಓದಿದ ಇಂಗ್ಲಿಷ್ ಪುಸ್ತಕಗಳನ್ನು. ಅಂದರೆ ಅಕ್ಷರ ಬಲ್ಲವರೊಬ್ಬರು, ಒಬ್ಬರೇ ಕೂತು, ಪುಸ್ತಕ ನೋಡಿ ಓದುವ ದನಿ. ಹತ್ತು ಜನ ಒಟ್ಟಿಗೆ ಬಾಯಿ ತೆರೆದರೆ ಅದನ್ನು ಗದ್ದಲದ ಪಟ್ಟಿಗೆ ಸೇರಿಸುವುದು ಈ ವಿದ್ಯೆಯಲ್ಲಿ ಹಳೆಯ ವಾಡಿಕೆ. ಹಿಂಗಿರುವಾಗ ನಮ್ಮ ಸೊಲ್ಲು ಉಳಿದೀತೆ?

ಚೊಕ್ಕ, ಶುದ್ಧ ಎಂಬ ಮಾತು ಕಿವಿಗೆ ಬಿದ್ದೊಡನೆ ನಾವು ಎಚ್ಚರಾಗುತ್ತೇವೆ. ಶುದ್ಧಿ ಅಂದರೆ ಯಾರನ್ನು ಹೊರಗಿಡುವುದು ಅಂತ ನಮಗೆ ತಲೆತಲಾಂತರದ ಪಾಠ. ಮಾರಿಹಬ್ಬಕ್ಕೆ, ಸಾವಿಗೆ ತಮಟೆ ಬೇಕು; ಗುಡಿಯೊಳಕ್ಕೆ ಬೇಡ. ಈಗ ಹಾಡಿನೊಳಕ್ಕೂ ಬೇಡವಾಯಿತು. ಬರೆದ ಎಂಜಿನಿಯರು ತಮಟೆಯನ್ನು ದ್ವೇಷಿಸಿದ್ದಾನೆ ಅಂತ ನಾವು ಹೇಳುತ್ತಿಲ್ಲ. ಅವನು ಅದನ್ನು ಕೇಳಿಯೇ ಇರಲಿಕ್ಕಿಲ್ಲ, ನಮ್ಮ ತಕರಾರು ಅದೇ.

ಗೆಳೆಯರೊಬ್ಬರು ಆಕ್ಷೇಪ ಎತ್ತಿದರು: ಅದು ಮಾತಿಗೆ ಮಾಡಿದ್ದು, ಹಾಡಿಗ್ಯಾಕೆ ಹಾಕಿದ್ರಿ? ಸರಿಯಾದ ಮಾತೇ. ಆದರೆ ಹಾಡಿಗೆಂದೇ 1997ರಲ್ಲಿ ಬಂದ ಆಟೋಟ್ಯೂನ್ ತಾನೆ ಏನು ಮಾಡುತ್ತದೆ? ಅದರ ಪಾಡಿಗೆ ಬಿಟ್ಟರೆ ದನಿಯನ್ನು ಎಳೆತಂದು ಹನ್ನೆರಡು ಸ್ವರಗಳ ಮೆಟ್ಟಿಲ ಮೇಲೆ ಕೂರಿಸುತ್ತದೆ. ಎರಡು ಮೆಟ್ಟಿಲ ನಡುವೆ ಅಜ್ಜಿ ಜಾರಿಸುವ ದನಿ ಅದಕ್ಕೆ ತಪ್ಪು.

ನಾವು ಯಂತ್ರದ ವೈರಿಗಳಲ್ಲ. ಕರೆಂಟಿನ 50 ಹರ್ಟ್ಸ್ ಗುಂಯ್ ಸದ್ದು ಹೋಗಲಿ, ಅದನ್ನು ಯಾರೂ ಜಾನಪದ ಅನ್ನುವುದಿಲ್ಲ. ಆದರೆ ಹಾಡು ಮುದ್ರಿಸುವ ಮೇಷ್ಟ್ರುಗಳು, ಹುಡುಗರು ಮೂಲಪ್ರತಿ ಅಳಿಸಬೇಡಿ. ಅಡಾಸಿಟಿ ಪುಕ್ಕಟೆ ಸಿಗುತ್ತದೆ. ಮೂಲವನ್ನೂ ಚೊಕ್ಕ ಮಾಡಿದ್ದನ್ನೂ ಕೂದಲೆಳೆ ತಪ್ಪದಂತೆ ಹೊಂದಿಸಿ, ಒಂದನ್ನು ಇನ್ವರ್ಟ್ ಮಾಡಿ, ಒಟ್ಟಿಗೆ ನುಡಿಸಿ. ಎರಡರಲ್ಲೂ ಇರುವ ಸದ್ದು ಒಂದನ್ನೊಂದು ಅಳಿಸಿಕೊಂಡು, ಯಂತ್ರ ಎತ್ತಿ ಬಿಸಾಡಿದ್ದು ಕೇಳುತ್ತದೆ.

ನಾವು ಹಂಗೆ ಮಾಡಿ ಅಜ್ಜಿಯನ್ನು ಕರೆದು ಕೂರಿಸಿದೆವು. ಸುಯ್ ಸದ್ದಿನ ನಡುವೆ ತಮಟೆ ಬಂತು, ಸೊಲ್ಲು ಬಂತು. "ಅವ್ಳು ನನ್ ನಾದಿನಿ ಕಣ್ರೋ," ಅಂದಳು ಅಜ್ಜಿ. "ತೀರ್ಕೊಂಡು ಹತ್ತೊರ್ಸ ಆಯ್ತು. ಇನ್ನೊಂದ್ ಕಿತ ಹಾಕಿ."