ಹನ್ನೊಂದು ಅಡಿ ಜಾಗ

ಬೆಂಗಳೂರಿನ ಎರಡು ಯೋಜನೆಗಳನ್ನ ಪಕ್ಕಪಕ್ಕ ಇಟ್ಟು ನೋಡಿ. ಒಂದು, ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ನೆಲದಡಿ ಕೊರೀಬೇಕು ಅಂತಿರೋ ಸುರಂಗ ರಸ್ತೆ. ಉದ್ದ ಸುಮಾರು 17 ಕಿಲೋಮೀಟರ್, ಅಂದಾಜು ವೆಚ್ಚ 17 ಸಾವಿರ ಕೋಟಿ ರೂಪಾಯಿಗೂ ಮೇಲೆ. ಇನ್ನೊಂದು, ಅದೇ ಸಿಲ್ಕ್ ಬೋರ್ಡಿನಿಂದ ಔಟರ್ ರಿಂಗ್ ರೋಡಲ್ಲಿ ಬೈಯಪ್ಪನಹಳ್ಳಿ ಕಡೆಗೆ 2019ರ ಅಕ್ಟೋಬರ್‌ನಲ್ಲಿ ಶುರು ಮಾಡಿದ ಬಸ್ ಲೇನ್. ಅದಕ್ಕೆ ಬೇಕಾಗಿದ್ದು ಒಂದಷ್ಟು ಗಿಡ್ಡ ಕಂಬ, ಬಣ್ಣ, ಬೋರ್ಡು, ನಿಂತು ಕಾಯೋ ಜನ. ಮತ್ತೆ ರಸ್ತೆಯ ಎಡಗಡೆ ಹನ್ನೊಂದು ಅಡಿ ಜಾಗ. ಅಷ್ಟೇ.

ಮೊದಲನೆಯದರ ಬಗ್ಗೆ ದಿನಾ ಪತ್ರಿಕೆಯಲ್ಲಿ ಬರುತ್ತೆ. ಎರಡನೆಯದು ಇತ್ತು ಅನ್ನೋದೇ ಎಷ್ಟೋ ಜನಕ್ಕೆ ಮರೆತುಹೋಗಿದೆ. ‘ನಿಂಬಸ್’ ಅಂತ ಹೆಸರಿಟ್ಟಿದ್ರು, ನಿಮ್ಮ ಬಸ್ ಅನ್ನೋ ಅರ್ಥದಲ್ಲಿ. ಬಸ್ಸುಗಳು ಮೊದಲಿಗಿಂತ ಬೇಗ ಮುಟ್ಟುತ್ತಿವೆ ಅಂತ ಆಗ ವರದಿಗಳೂ ಬಂದಿದ್ವು. ಆಮೇಲೆ ಕೋವಿಡ್ ಬಂತು, ರಸ್ತೆ ಖಾಲಿ ಆಯ್ತು. ಅದಾದ ಮೇಲೆ ಮೆಟ್ರೋ ಕಂಬದ ಕೆಲಸ, ಬ್ಯಾರಿಕೇಡು. ಲೇನ್ ಹೋಯ್ತು. ಯಾರೂ ಅದಕ್ಕಾಗಿ ಫ್ರೀಡಂ ಪಾರ್ಕಲ್ಲಿ ಕೂತು ಘೋಷಣೆ ಕೂಗಲಿಲ್ಲ.

ನಮ್ಮ ಕೆಲಸದ ಭಾಷೆಯಲ್ಲೇ ಸುರಂಗದ ವಿಚಾರ ಹೇಳ್ತೀನಿ. ಆಪ್ ನಿಧಾನ ಆಯ್ತು ಅಂದ ತಕ್ಷಣ ‘ಇನ್ನೆರಡು ಸರ್ವರ್ ಹಾಕಿ’ ಅನ್ನೋ ಮ್ಯಾನೇಜರ್ ನಿಮಗೂ ಸಿಕ್ಕಿರ್ತಾರೆ. ಸಿಕ್ಕಿಕೊಂಡಿರೋದು ಡೇಟಾಬೇಸಲ್ಲಿ, ಸರ್ವರ್ ಹೆಚ್ಚಿಸಿದರೆ ಅಲ್ಲಿಗೆ ಇನ್ನೂ ಜಾಸ್ತಿ ರಿಕ್ವೆಸ್ಟ್ ಹೋಗಿ ಬೀಳುತ್ತೆ. ಸುರಂಗದ ಒಂದು ಬಾಯಿ ತೆರೆಯೋದು ಸಿಲ್ಕ್ ಬೋರ್ಡಲ್ಲಿ. ಹೌದು, ಅದೇ ಸಿಲ್ಕ್ ಬೋರ್ಡು. ಹೆಬ್ಬಾಳದಿಂದ ಭರ್ರಂತ ಬಂದ ಕಾರುಗಳನ್ನ ತಂದು ಸುರಿಯೋದು ಊರಲ್ಲೇ ಅತಿ ಕೆಟ್ಟ ಜಂಕ್ಷನ್ ಅಂತ ಮೀಮ್ ಆಗಿರೋ ಜಾಗಕ್ಕೆ. ಇದರ ಮೇಲೆ ಬೈಕು, ಆಟೋಗಳಿಗೆ ಒಳಗೆ ಪ್ರವೇಶ ಇಲ್ಲ ಅಂತಿದೆ ಯೋಜನೆ. ಈ ಊರಲ್ಲಿ ನೋಂದಣಿ ಆಗಿರೋ ವಾಹನಗಳಲ್ಲಿ ಹೆಚ್ಚೂಕಮ್ಮಿ ಮೂರರಲ್ಲಿ ಎರಡು ಪಾಲು ದ್ವಿಚಕ್ರಗಳೇ! 2025ರಲ್ಲಿ ಲಾಲ್‌ಬಾಗ್‌ ಜಾಗದ ವಿಚಾರಕ್ಕೆ ಗಲಾಟೆ ಆಯ್ತಲ್ಲ, ಅದು ನ್ಯಾಯವಾದದ್ದೇ. ಆದರೆ ಲಾಲ್‌ಬಾಗಿನ ಒಂದು ಮರಕ್ಕೂ ತೊಂದರೆ ಆಗದಿದ್ರೂ ಈ ಯೋಜನೆಯ ಲೆಕ್ಕ ಸರಿಹೋಗಲ್ಲ.

ಲೆಕ್ಕ ಅಂದ್ರೆ ಏನು? ಒಂದು ಬಿಎಂಟಿಸಿ ಬಸ್ಸಲ್ಲಿ 60 ಜನ ಅಂದ್ಕೊಳ್ಳಿ. ಬಸ್ಸಿನ ಉದ್ದ ಸುಮಾರು 12 ಮೀಟರ್. ಅದೇ 60 ಜನ ಕಾರಿಗೆ ಒಂದೂವರೆ ಜನರಂತೆ ಹೋದ್ರೆ 40 ಕಾರು. ಕಾರಿಗೆ ನಾಲ್ಕು ಮೀಟರ್, ಮಧ್ಯೆ ಎರಡು ಮೀಟರ್ ಬಿಟ್ರೆ 240 ಮೀಟರ್ ಉದ್ದದ ಸಾಲು. ಇದು ಎಲ್ಲಾ ಗಾಡಿ ನಿಂತಿರುವಾಗಿನ ಲೆಕ್ಕ, ಓಡುವಾಗ ಇನ್ನೂ ಜಾಸ್ತಿ ಜಾಗ ಬೇಕು. ಇಷ್ಟು ಲೆಕ್ಕ ಹಾಕೋಕೆ ಬಿಇ ಬೇಕಾಗಿಲ್ಲ.

ನಮ್ಮೂರ ಕಡೆ ಕೆರೆಗೆ ನೀರುಗಂಟಿ ಅಂತ ಒಬ್ಬ ಇರ್ತಿದ್ದ. ತೂಬು ಎತ್ತೋದು, ಇಳಿಸೋದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಸರದಿ ನೋಡೋದು ಅವನ ಕೆಲಸ. ಕೆರೆ ಕೋಡಿ ಬಿದ್ದ ವರ್ಷ ಅವನನ್ನ ಯಾರೂ ಕೇಳ್ತಿರಲಿಲ್ಲ. ಮಳೆ ಕೈಕೊಟ್ಟಾಗ ಅವನ ಮಾತಿಗೆ ಬೆಲೆ ಬರ್ತಿತ್ತು. ತೂಬಿನ ಪಕ್ಕದ ಗದ್ದೆಯವನು ರಾತ್ರಿಯೆಲ್ಲಾ ನೀರು ಕಟ್ಟಿಕೊಂಡ್ರೆ ಕಾಲುವೆ ಕೊನೆಯವನ ಪೈರು ಒಣಗುತ್ತೆ ಅಂತ ಎಲ್ಲರಿಗೂ ಗೊತ್ತಿತ್ತು. (ನೀರುಗಂಟಿಗೆ ಬಾಡೂಟ ಹಾಕಿಸಿ ಸರದಿ ತಪ್ಪಿಸೋರೂ ಇದ್ರು ಬಿಡಿ, ಹಳ್ಳಿಯೇನು ಸ್ವರ್ಗವಲ್ಲ.) ಔಟರ್ ರಿಂಗ್ ರೋಡಲ್ಲಿ ಈಗ ಮಳೆ ಕೈಕೊಟ್ಟ ವರ್ಷ. ಜಾಗವೇ ಇಲ್ಲ. ಆದರೂ ಸರದಿ ಅನ್ನೋ ಮಾತೆತ್ತದೆ ಇನ್ನೊಂದು ಕೆರೆ ತೋಡ್ತೀವಿ ಅಂತಿದ್ದೀವಿ. ಅದೂ ದೊಡ್ಡ ಹಿಡುವಳಿದಾರರಿಗೆ ಮಾತ್ರ.

ಕಾಲುವೆಯ ಕೊನೆಯಲ್ಲಿರೋರು ಯಾರು? ನಿಮ್ಮ ಆಫೀಸಿನ ನೆಲ ಒರೆಸೋರು, ಗೇಟಲ್ಲಿ ನಿಮ್ಮ ಕಾರಿಗೆ ಸಲಾಂ ಹೊಡೆಯೋರು, ಕ್ಯಾಂಟೀನಲ್ಲಿ ಇಡ್ಲಿ ಹಾಕೋರು, ಪಿಜಿಯಲ್ಲಿರೋ ಫ್ರೆಷರ್‌ಗಳು. 2023ರ ಶಕ್ತಿ ಯೋಜನೆಯಿಂದ ಹೆಂಗಸರಿಗೆ ಟಿಕೆಟ್ ಇಲ್ಲ, ಒಳ್ಳೆಯದೇ. ಆದರೆ ಮಾರತ್ತಹಳ್ಳಿ ಸೇತುವೆ ಹತ್ರ ನಿಂತಿರೋ ಬಸ್ಸಲ್ಲಿ ಅವರ ಮುಕ್ಕಾಲು ಗಂಟೆಗೆ ಬೆಲೆ ಕಟ್ಟೋರಿಲ್ಲ. ನಾವು ಲೇಟಾದ್ರೆ ಸ್ಟ್ಯಾಂಡಪ್ ಕಾಲನ್ನ ಕಾರಲ್ಲೇ ಮುಗಿಸ್ತೀವಿ. ಅವರು ಲೇಟಾದ್ರೆ ಅರ್ಧ ದಿನದ ಸಂಬಳಕ್ಕೆ ಕುತ್ತು.

‘ಮೆಟ್ರೋ ಬರ್ತಿದೆಯಲ್ಲ, ಬಸ್ ಲೇನ್ ಯಾಕೆ’ ಅಂತ ಕೇಳಬಹುದು. ಮೆಟ್ರೋ ಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ 2006ರಲ್ಲಿ ಅಡಿಗಲ್ಲು ಹಾಕಿದ ಮೊದಲ ಹಂತದ 42 ಕಿಲೋಮೀಟರ್ ಪೂರ್ತಿ ಆಗಿದ್ದು 2017ರಲ್ಲಿ. 2023ರಲ್ಲಿ ವೈಟ್‌ಫೀಲ್ಡ್ ಕಡೆ ಮೆಟ್ರೋ ಶುರುವಾದಾಗ ಕೆ.ಆರ್.ಪುರ–ಬೈಯಪ್ಪನಹಳ್ಳಿ ನಡುವಿನ ತುಂಡು ಮುಗಿದಿರಲಿಲ್ಲ. ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ಆ ಎರಡು ಕಿಲೋಮೀಟರ್ ದಾಟಿಸಿದ್ದು ಯಾವುದು? ಬಸ್ಸು. ಮೇಲಾಗಿ 2025ರ ಫೆಬ್ರವರಿಯಲ್ಲಿ ಮೆಟ್ರೋದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. ದಿನಕ್ಕೆ ಎರಡು ಸಲ ಅದನ್ನ ಕೊಡೋಕೆ ಎಲ್ಲರ ಕೈಲೂ ಆಗಲ್ಲ.

ದೆಹಲಿಯ ಉದಾಹರಣೆ ಎತ್ತೋರೂ ಇದ್ದಾರೆ. 2008ರಲ್ಲಿ ಅಲ್ಲಿ ಬಸ್ಸಿಗೆ ಅಂತ ಕಾರಿಡಾರ್ ಮಾಡಿ ಕೊನೆಗೆ ಕಿತ್ತು ಹಾಕಿದ್ದು ನಿಜ. ಕಾರಿನವರ ಕೂಗು ಅಷ್ಟು ಜೋರಿತ್ತು. 2009ರಲ್ಲಿ ಶುರುವಾದ ಅಹಮದಾಬಾದಿನ ಜನಮಾರ್ಗ ಮಾತ್ರ ಉಳಿದುಕೊಂಡಿದೆ. ಎರಡೂ ಕಡೆ ಇದ್ದದ್ದು ಅದೇ ಡಾಂಬರು, ಅದೇ ಬಸ್ಸು.

ಬಸ್ ಲೇನಿಗೆ ಟೇಪ್ ಕತ್ತರಿಸೋ ಮಜಾ ಇಲ್ಲ, ಟೆಂಡರ್ ಇಲ್ಲ, ಬೃಹತ್ ಯಂತ್ರದ ಮುಂದೆ ಹೆಲ್ಮೆಟ್ ಹಾಕ್ಕೊಂಡು ಫೋಟೋ ಇಲ್ಲ. ಇರೋದು ನಮ್ಮಂಥವರ ಬೈಗುಳ ಮಾತ್ರ. ರಾಜಕಾರಣಿಗಳಿಗೆ ಸುರಂಗ ಯಾಕೆ ಇಷ್ಟ ಅಂತ ಕೇಳೋಕೆ ಮುಂಚೆ, ಇದನ್ನೂ ಲೆಕ್ಕಕ್ಕೆ ತಗೋಬೇಕು: ಟ್ವಿಟರಲ್ಲಿ ರಿಂಗ್ ರೋಡಿನ ಜಾಮ್ ಬಗ್ಗೆ ಬರೆಯೋ ನೂರು ಜನರಲ್ಲಿ ಬಸ್ಸಿಗೆ ಜಾಗ ಬಿಡಿ ಅಂತ ಬರೆಯೋರು ಎಷ್ಟು?

ರಿಂಗ್ ರೋಡಿನ ಮೆಟ್ರೋ ಕೆಲಸ ಮುಗಿಯುತ್ತಾ ಬಂದ ಹಾಗೆ ಬ್ಯಾರಿಕೇಡುಗಳು ಒಂದೊಂದಾಗಿ ಏಳ್ತವೆ, ಅವು ನುಂಗಿದ್ದ ಜಾಗ ರಸ್ತೆಗೆ ವಾಪಸ್ ಬರುತ್ತೆ. ಬಂದ ಮೊದಲನೇ ವಾರವೇ ಅಲ್ಲಿ ಕಾರುಗಳು ತುಂಬ್ಕೊಂಡ್ರೆ ಆಮೇಲೆ ಬಿಡಿಸೋದು ಯಾವ ಕಮಿಷನರ್ ಕೈಲೂ ಆಗಲ್ಲ. ಬ್ಯಾರಿಕೇಡ್ ಎತ್ತೋ ರಾತ್ರಿಯೇ ಎಡಗಡೆ ಹನ್ನೊಂದು ಅಡಿಗೆ ಕಂಬ ನೆಡಬೇಕು.