ಬಣ್ಣ ತುಂಬುವ ಎತ್ತು, ಮಣ್ಣಿನ ಎತ್ತು

ನಮ್ಮ ಸರ್ಕಾರಿ ಶಾಲೆಗಳ ನಲಿಕಲಿ ತರಗತಿಯಲ್ಲಿ ಮಕ್ಕಳು ಅ, ಆ, ಇ, ಈ ಎಂದು ಕನ್ನಡ ಬರೆಯಲು ತೊಡಗುವುದಿಲ್ಲ. ಅಲ್ಲಿ ಮೊದಲು ಬರುವ ಅಕ್ಷರಗಳು ರ, ಗ, ಸ, ದ, ಅ. ಒಂದು ದುಂಡು ಗೆರೆ ಕೈಗೆ ಹತ್ತಿದರೆ ಮುಂದಿನ ಅಕ್ಷರ ಅಲ್ಲಿಂದಲೇ ಹೊರಳುತ್ತದೆ. ಐದು ಅಕ್ಷರ ಬಂದೊಡನೆ ಮಗು ಸರ, ರಸ, ಅರಸ, ಅಗಸ, ಗರಗಸ ಎಂದು ಪದಗಳನ್ನೇ ಓದತೊಡಗುತ್ತದೆ. ವರ್ಣಮಾಲೆಯ ಕ್ರಮ ನಾಲಿಗೆ, ಗಂಟಲುಗಳ ಲೆಕ್ಕ. ಇದು ಬೆರಳು, ಕಣ್ಣುಗಳ ಲೆಕ್ಕ. ಆರು ವರ್ಷದ ಕೈ ಏನು ಮಾಡಬಲ್ಲದು ಎಂದು ಯೋಚಿಸಿದವರು ಮಾತ್ರ ಇಂಥ ಜೋಡಣೆ ಮಾಡಬಲ್ಲರು. ಹಾಗಾಗಿಯೇ ಈ ಪದ್ಧತಿಯನ್ನು ಒಂದು ಕೃತಿಯನ್ನು ಓದಿದಷ್ಟು ಗಂಭೀರವಾಗಿ ನೋಡಬೇಕು ಎನಿಸುತ್ತದೆ. ಕೈಯನ್ನು ಇಷ್ಟು ಚೆನ್ನಾಗಿ ಬಲ್ಲ ಪದ್ಧತಿ ಆ ಕೈಯ ಚಿತ್ರವನ್ನು, ಬೊಂಬೆಯನ್ನು ಹೇಗೆ ನಡೆಸಿಕೊಳ್ಳುತ್ತದೆ ಎಂಬುದು ನನ್ನ ಪ್ರಶ್ನೆ.

1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಿಂದ ಆರಂಭಿಸಿದ ಪ್ರಯೋಗ ಇದು. 2009-10ರಿಂದ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆಲ್ಲ ಹಬ್ಬಿತು. ಮಗು ಮೆಟ್ಟಿಲು ಮೆಟ್ಟಿಲಾಗಿ ಹತ್ತುವ ಕಲಿಕಾ ಏಣಿ, ಮೈಲಿಗಲ್ಲು, ಲೋಗೋ ಇರುವ ಕಾರ್ಡುಗಳು, ಐದು ತಟ್ಟೆಗಳ ಸುತ್ತ ಕೂರುವ ಐದು ಗುಂಪುಗಳು, ಮಕ್ಕಳ ಎತ್ತರಕ್ಕೆ ಗೋಡೆಯ ಮೇಲೆ ಬಳಿದ ಕಪ್ಪುಹಲಗೆ: ಇವೆಲ್ಲ ಇಂದು ಹಳ್ಳಿಯ ತಾಯಂದಿರಿಗೂ ಗೊತ್ತಿರುವ ಸಂಗತಿ. ಸಾಲು ಬೆಂಚಿನಲ್ಲಿ ಕೈಕಟ್ಟಿ ಕೂತು ಮಗ್ಗಿ ಒಪ್ಪಿಸುತ್ತಿದ್ದ ಕಾಲವನ್ನು ಕಂಡವರಿಗೆ ಈ ಬದಲಾವಣೆ ಎಷ್ಟು ದೊಡ್ಡದೆಂದು ಬಿಡಿಸಿ ಹೇಳಬೇಕಾಗಿಲ್ಲ. ಅಭಿನಯ ಗೀತೆಯಂತೂ ನಲಿಕಲಿಯ ದೊಡ್ಡ ಗೆಲುವು. ಹಾಡುವಾಗ ಮಗುವಿನ ಮೈ ತಾಳ ಕಲಿಯುತ್ತದೆ, ಪದ ಮೈಯೊಳಗೆ ಇಳಿಯುತ್ತದೆ, ನಾಚಿಕೆಯ ಮಗುವೂ ಗುಂಪಿನ ದನಿಯಲ್ಲಿ ತನ್ನ ದನಿ ಸೇರಿಸುತ್ತದೆ.

ಚಿತ್ರದ ವಿಷಯಕ್ಕೆ ಬಂದಾಗ ಮಾತ್ರ ಪದ್ಧತಿಯ ಧೈರ್ಯ ಕುಗ್ಗುತ್ತದೆ. ಇಲ್ಲಿ ಚಿತ್ರ ಬಹುಮಟ್ಟಿಗೆ ಅಕ್ಷರದ ಆಳು. ಹಣ್ಣೋ ಹಕ್ಕಿಯೋ ಎತ್ತೋ, ಯಾರೋ ದೊಡ್ಡವರು ಬರೆದಿಟ್ಟ ಗೆರೆಚಿತ್ರ. ಮಗು ಬಣ್ಣ ತುಂಬಬೇಕು, ಗೆರೆ ದಾಟಬಾರದು. ಬೆರಳಿನ ಹಿಡಿತಕ್ಕೆ ಇದು ಒಳ್ಳೆಯ ಅಭ್ಯಾಸವೆಂಬುದನ್ನು ಒಪ್ಪುತ್ತೇನೆ. ಆದರೆ ಎತ್ತು ಹೇಗಿರುತ್ತದೆ ಎಂಬ ಪ್ರಶ್ನೆಗೆ ಉತ್ತರ ಕಾರ್ಡಿನಲ್ಲಿ ಮೊದಲೇ ಅಚ್ಚಾಗಿದೆ. ಮಗುವಿಗೆ ಉಳಿದಿರುವುದು ಬಳಿಯುವ ಕೆಲಸವಷ್ಟೆ.

ಉತ್ತರ ಕರ್ನಾಟಕದಲ್ಲಿ ಶಾಲೆ ತೆರೆದು ಕೆಲವೇ ವಾರಗಳಿಗೆ, ಜ್ಯೇಷ್ಠದ ಕೊನೆಗೆ, ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ಒಂದನೇ ತರಗತಿಗೆ ಆಗತಾನೆ ಸೇರಿದ ಮಗು ಮನೆಯ ಕಟ್ಟೆಯ ಮೇಲೆ ಹಸಿಮಣ್ಣು ಹಿಡಿದು ಕೂರುತ್ತದೆ. ಮಣ್ಣು ನೀರಾದರೆ ಕಾಲು ಕುಸಿಯುತ್ತದೆ, ಗಟ್ಟಿಯಾದರೆ ಕೊಂಬು ಬಿರಿಯುತ್ತದೆ. ಕಾಲುಗಳನ್ನು ಸಣ್ಣದಾಗಿ ಮಾಡಿದರೆ ಎತ್ತು ನಿಲ್ಲುವುದಿಲ್ಲ. ಕುತ್ತಿಗೆಯನ್ನು ಮುಂದಕ್ಕೆ ಚಾಚಿದರೆ ಮೂತಿ ನೆಲಕ್ಕೆ ಮುಗ್ಗರಿಸುತ್ತದೆ. ಭಾರ ಎಲ್ಲಿರಬೇಕು, ಹಿಣಿಲು ಎಷ್ಟು ಎತ್ತರವಿರಬೇಕು, ಎರಡು ಕೊಂಬು ಸಮನಾಗುವುದು ಹೇಗೆ ಎಂಬುದನ್ನೆಲ್ಲ ಬೆರಳೇ ಕೇಳಿ ಬೆರಳೇ ಕಂಡುಕೊಳ್ಳಬೇಕು. ಎತ್ತಾದ ಮೇಲೆ ಅದಕ್ಕೆ ಮೇವು ಹಾಕುವ ಗ್ವಾದಲಿ ಆಗಬೇಕು. ಹಬ್ಬದ ಬೆನ್ನಿಗೇ ಹುಡುಗರು ಕುಂಟೆತ್ತೊಂದನ್ನು ಹಿಡಿದು ಹಾಡು ಹೇಳುತ್ತ ಮನೆಮನೆಗೆ ಕಾಳು ಕೇಳಲು ಹೋಗುತ್ತಾರೆ. ಕುಂಟೆತ್ತು ಮಾಡುವುದೆಂದರೆ ಸಣ್ಣ ಮಾತಲ್ಲ. ಎತ್ತು ನಡೆಯುವುದು ಹೇಗೆಂದು ತಿಳಿದ ಮೇಲೆಯೇ ಅದು ಕುಂಟುವುದು ಹೇಗೆಂದು ಮಣ್ಣಿನಲ್ಲಿ ಹೇಳಲು ಸಾಧ್ಯ. ಒಂದೇ ಓಣಿಯ ಹತ್ತು ಮನೆಗಳ ಎತ್ತುಗಳು ಹತ್ತು ಬಗೆಯಾಗಿರುತ್ತವೆ. ಯಾವುದು ಸರಿ ಎಂದು ಯಾರೂ ಕೇಳುವುದಿಲ್ಲ. ಅದೇ ವಾರ ಶಾಲೆಯಲ್ಲಿ ಅದೇ ಮಗುವಿಗೆ ಗೆರೆಯೊಳಗೆ ಬಣ್ಣ ತುಂಬಲು ಹೇಳುವುದು ನನಗೆ ನಿಜವಾಗಿಯೂ ನೋವಿನ ವಿಷಯ. ಮನೆಯ ಕಟ್ಟೆಯ ಮೇಲೆ ಶಿಲ್ಪಿಯಾಗಿದ್ದವನನ್ನು ನಾವು ತರಗತಿಯಲ್ಲಿ ಬಣ್ಣ ಬಳಿಯುವವನನ್ನಾಗಿ ಮಾಡುತ್ತಿದ್ದೇವೆ.

ವಿಕ್ಟರ್ ಲೋವೆನ್‌ಫೆಲ್ಡ್ ಈ ನೋವನ್ನು ಬಹಳ ಹಿಂದೆಯೇ ಬಲ್ಲವರು. ವಿಯೆನ್ನಾದಲ್ಲಿ ಅಂಧ ಮಕ್ಕಳ ಶಾಲೆಯಲ್ಲಿ ಮಣ್ಣಿನ ಕೆಲಸ ಮಾಡಿಸುತ್ತಿದ್ದ ಅವರು, ಮಕ್ಕಳು ತಮ್ಮ ಮೈಗೆ ಹೆಚ್ಚು ಅನುಭವವಾದ ಭಾಗವನ್ನು ದೊಡ್ಡದಾಗಿ ಮಾಡುವುದನ್ನು ಗಮನಿಸಿದರು. ಬಾಯಿ ಮುಖ್ಯವಾದಾಗ ಬಾಯಿ ದೊಡ್ಡದು, ಕೈ ಮುಖ್ಯವಾದಾಗ ಕೈ ಉದ್ದ. ನಾಜಿಗಳ ಕಾಲದಲ್ಲಿ ದೇಶ ಬಿಟ್ಟು ಅಮೆರಿಕ ಸೇರಿದ ಮೇಲೆ 1947ರಲ್ಲಿ ಪ್ರಕಟಿಸಿದ ‘ಕ್ರಿಯೇಟಿವ್ ಅಂಡ್ ಮೆಂಟಲ್ ಗ್ರೋತ್’ ಪುಸ್ತಕದಲ್ಲಿ, ಬಣ್ಣ ತುಂಬುವ ಪುಸ್ತಕಗಳು ಮಗುವಿನ ಆತ್ಮವಿಶ್ವಾಸವನ್ನೇ ಕಸಿಯುತ್ತವೆಂದು ಕಟುವಾಗಿ ವಾದಿಸಿದರು. ದೊಡ್ಡವರ ನುಣುಪು ಗೆರೆಯನ್ನು ಕಂಡ ಮಗು ‘ನನಗೆ ಬರೆಯಲು ಬರುವುದಿಲ್ಲ’ ಎನ್ನತೊಡಗುತ್ತದೆ. ಈ ಮಾತನ್ನು ನಮ್ಮಲ್ಲಿಯೂ ಎರಡನೇ ತರಗತಿಯ ಹೊತ್ತಿಗೇ ಕೇಳಬಹುದು.

ಇಂದ್ರಿಯಗಳ ತರಬೇತಿಯನ್ನೂ ಕಲೆಯನ್ನೂ ಒಂದೇ ಎಂದುಕೊಳ್ಳುವುದರಿಂದಲೂ ಬಣ್ಣ ತುಂಬುವುದನ್ನೇ ಕಲೆ ಎನ್ನುವ ಗೊಂದಲ ಹುಟ್ಟಿದೆ. 1939ರಿಂದ ಕೆಲವು ವರ್ಷ ಭಾರತದಲ್ಲೇ ಇದ್ದು ಶಿಕ್ಷಕರಿಗೆ ತರಬೇತಿ ಕೊಟ್ಟ ಮರಿಯಾ ಮಾಂಟೆಸರಿಯ ಸಾಮಗ್ರಿಗಳನ್ನು ನೋಡಿ. ಒಂದು ಸೆಂಟಿಮೀಟರಿನಿಂದ ಹತ್ತು ಸೆಂಟಿಮೀಟರಿನವರೆಗಿನ ಹತ್ತು ಗುಲಾಬಿ ಘನಗಳು, ಮರಳುಕಾಗದದ ಅಕ್ಷರಗಳು. ಅವು ಸ್ಪರ್ಶಕ್ಕೆ ಅದ್ಭುತವಾದ ಶಿಸ್ತು ಕಲಿಸುತ್ತವೆ. ಆದರೆ ಆ ಘನಗಳ ಗೋಪುರ ಸರಿಯಾಗಿ ನಿಲ್ಲುವುದು ಒಂದೇ ರೀತಿಯಲ್ಲಿ. ತಪ್ಪಾದರೆ ವಸ್ತುವೇ ತೋರಿಸಿಕೊಡುತ್ತದೆ. ಕಲೆಯಲ್ಲಿ ಆ ಒಂದೇ ಉತ್ತರ ಇರುವುದಿಲ್ಲ. ನಮ್ಮ ಯೋಜನೆಗಳಲ್ಲಿ ‘ಚಟುವಟಿಕೆ’ ಎಂಬ ಒಂದೇ ತಲೆಬರಹದ ಕೆಳಗೆ ಎರಡೂ ಸೇರಿಹೋಗುತ್ತವೆ. ಕಾಳು ಬೇರ್ಪಡಿಸುವುದು, ಮಣಿ ಪೋಣಿಸುವುದು, ಕಣ್ಣು ಮುಚ್ಚಿ ಮೂಸಿ ಗುರುತಿಸುವುದು ನಡೆದುಬಿಟ್ಟರೆ ಸೃಜನಶೀಲತೆಯೂ ನಡೆಯಿತೆಂದು ದಾಖಲೆಯಾಗುತ್ತದೆ.

ಮಣ್ಣು ಶಾಲೆಯೊಳಗೆ ಬರುವುದೇ ಇಲ್ಲವೆಂದಲ್ಲ. ಪ್ರತಿಭಾ ಕಾರಂಜಿ ಸ್ಪರ್ಧೆಯ ದಿನ ಬರುತ್ತದೆ, ಕ್ಲೇ ಮಾಡಲಿಂಗ್ ಎಂಬ ಹೆಸರಿನಲ್ಲಿ, ಮೊದಲ ಬಹುಮಾನ, ಎರಡನೇ ಬಹುಮಾನದೊಂದಿಗೆ. ಶಾಲೆಗೊಂದು ಮಗುವನ್ನು ತಯಾರು ಮಾಡಿ ಕಳುಹಿಸಿದರೆ ಉಳಿದ ಮಕ್ಕಳ ಕೈಗೆ ಮಣ್ಣು ಹತ್ತುವುದೇ ಇಲ್ಲ. ಕಾರಂಜಿ ಎಷ್ಟೋ ಬಡ ಮಕ್ಕಳನ್ನು ವೇದಿಕೆಗೆ ತಂದಿದೆ, ನಿಜ. ಆದರೆ ಆರು ವರ್ಷದವರ ನಡುವೆ ಮಣ್ಣಿನ ಸ್ಪರ್ಧೆ ಏಕೆ ಬೇಕೆಂಬುದು ನನಗೆ ಇಂದಿಗೂ ಅರ್ಥವಾಗಿಲ್ಲ.

ಶಿಕ್ಷಕಿಯ ಕಡೆಯಿಂದಲೂ ನೋಡಬೇಕು. ಒಂದರಿಂದ ಮೂರನೇ ತರಗತಿಯವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿ, ಐದು ಗುಂಪು, ಪ್ರತಿ ಮಗುವಿಗೂ ಬೇರೆ ಮೆಟ್ಟಿಲು, ಅದರ ಮೇಲೆ ಪ್ರಗತಿಯ ದಾಖಲೆ. ಮಣ್ಣು ತಂದರೆ ಕೈ ತೊಳೆಸಲು ನೀರು ಬೇಕು, ಒಣಗಿಸಲು ಜಾಗ ಬೇಕು, ನೆಲ ಸಾರಿಸುವವರು ಬೇಕು. ಬಣ್ಣ ತುಂಬುವ ಹಾಳೆ ಒಂದು ಗುಂಪನ್ನು ಅರ್ಧ ಗಂಟೆ ಸುಮ್ಮನೆ ಕೂರಿಸುತ್ತದೆ. ಆ ಅರ್ಧ ಗಂಟೆಯಲ್ಲಿ ಆಕೆ ಇನ್ನೊಂದು ಗುಂಪಿಗೆ ಲೆಕ್ಕ ಕಲಿಸಬಹುದು. ಈ ಇಕ್ಕಟ್ಟಿಗೆ ಆಕೆಯನ್ನು ದೂರುವುದು ಅನ್ಯಾಯ. ಕಲಿಕಾ ಏಣಿಯನ್ನು ಕಟ್ಟಿದವರು ಅದರಲ್ಲಿ ಮಣ್ಣಿಗೆ ಮೆಟ್ಟಿಲು ಇಡಲಿಲ್ಲ, ದೂರು ಇರುವುದು ಅಲ್ಲಿ.

2022ರ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮೂರರಿಂದ ಎಂಟು ವರ್ಷದವರ ಕಲಿಕೆಯಲ್ಲಿ ಆಟಕ್ಕೂ ಕಲೆಗೂ ದೊಡ್ಡ ಸ್ಥಾನ ಕೊಟ್ಟಿದೆ. ಮರುವರ್ಷ ಫೆಬ್ರವರಿಯಲ್ಲಿ ಆಟಿಕೆ, ಒಗಟು, ಬೊಂಬೆಗಳ ‘ಜಾದೂಯಿ ಪಿಟಾರಾ’ ಪೆಟ್ಟಿಗೆಯೂ ಬಂತು. ಉದ್ದೇಶ ಒಳ್ಳೆಯದು. ಆದರೆ ಎಲ್ಲ ಊರಿಗೂ ಒಂದೇ ಪೆಟ್ಟಿಗೆ ಹೋದರೆ ಸಾಗರದ ಹಳ್ಳಿಯ ಮಗುವಿಗೆ ತನ್ನ ಮನೆಯ ಗೋಡೆಯ ಹಸೆ ಚಿತ್ತಾರ ಕಲಿಕೆಯ ಸಾಮಗ್ರಿ ಎಂದು ಯಾರು ಹೇಳಬೇಕು? ಕೆಮ್ಮಣ್ಣು, ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ, ಪುಂಡಿ ನಾರಿನ ಕುಂಚ: ಈ ಚಿತ್ತಾರ ಬರೆಯುವ ದೀವರ ಸಮುದಾಯದ ಹೆಂಗಸರ ಈ ಸಾಮಗ್ರಿಗೆ ಟೆಂಡರು ಕರೆಯಬೇಕಾಗಿಲ್ಲ.

ನಲಿಕಲಿಯಲ್ಲಿ ಒಂದು ಚಪ್ಪರವಿದೆ. ತಲೆಯ ಮೇಲೆ ದಾರ ಕಟ್ಟಿ ಮಕ್ಕಳ ಕೆಲಸಗಳನ್ನು ತೂಗುಹಾಕುವ ಏರ್ಪಾಡು. ಪದ್ಧತಿಯ ಅತ್ಯಂತ ಸುಂದರ ಕಲ್ಪನೆ ಎಂದರೆ ಇದೇ. ಅಲ್ಲಿ ಒಂದೇ ಅಚ್ಚಿನ ಹಾಳೆಗಳು ತೂಗುವವರೆಗೆ ಅದು ಅಲಂಕಾರ ಮಾತ್ರ. ವಾರಕ್ಕೊಂದು ಮಧ್ಯಾಹ್ನವಾದರೂ ಖಾಲಿ ಹಾಳೆ ಕೊಡಲಿ, ಊರಿನ ಮಣ್ಣನ್ನು ಒಳಗೆ ತರಲಿ. ಶಿಕ್ಷಕರ ತರಬೇತಿಯಲ್ಲಿ ಮಗುವಿನ ಚಿತ್ರವನ್ನು ನೋಡುವುದನ್ನು ಕಲಿಸಲಿ: ‘ಚೆನ್ನಾಗಿದೆ’ ಎಂದು ಮುಂದೆ ಹೋಗುವ ಬದಲು ‘ಹಿಣಿಲು ಇಷ್ಟು ದೊಡ್ಡದು ಯಾಕೋ?’ ಎಂದು ಕೇಳಿ, ಮಗುವಿನ ಉತ್ತರವನ್ನು ಹಾಳೆಯ ಹಿಂದೆ ದಿನಾಂಕದೊಡನೆ ಬರೆದಿಡುವುದನ್ನು. ಆ ಮಾತುಗಳು ಪ್ರಗತಿಯ ದಾಖಲೆಗೆ ಸೇರಬೇಕು, ಅಂಕವಾಗಿ ಅಲ್ಲ, ಮಗುವಿನ ಮಾತಾಗಿಯೇ.