ಮನಿಗೆ ಬಾರದ ಡಿಜಿಟಲ್ ರೇಡಿಯೊ

ನಮ್ಮ ಅಕ್ಕಲಕೋಟ ಕಡೆ ಕಚೇರಿಯ ಮಾತು ಮರಾಠಿ, ನಮ್ಮಂಥವರ ಮನಿ ಮಾತು ಕನ್ನಡ. ಆ ಕನ್ನಡಕ್ಕೆ ದಿನಾ ಜೊತೆ ಕೊಟ್ಟದ್ದು ಕಲಬುರಗಿ, ಧಾರವಾಡ ಆಕಾಶವಾಣಿ. ಧಾರವಾಡ ಇಲ್ಲಿಂದ 250 ಕಿ.ಮೀ. ಮ್ಯಾಲ ಐತಿ. ಎಫ್‌.ಎಂ. ಅಷ್ಟು ದೂರ ಬರೂದಿಲ್ಲ; ನೆಲ ಹಿಡಿದು ಸಾಗುವ ಮೀಡಿಯಂ ವೇವ್ ಬರತೈತಿ. ಅದೇ ಡಿಜಿಟಲ್ ಆಗತೈತಿ ಅಂದಾಗ ನನಗ ಭಾಳ ಆಸೆ ಹುಟ್ಟಿತ್ತು.

ಇದಕ್ಕ ಡಿ.ಆರ್‌.ಎಂ. ಅಂತಾರ. ಹಳೆ ಪದ್ಧತಿಯೊಳಗ ದನಿಯ ಏರಿಳಿತವೇ ಅಲೆಯ ಏರಿಳಿತ. ಸಿಡಿಲು, ಪಂಪಿನ ಮೋಟರು ಎಲ್ಲಾ ಅದರಾಗ ಕೂಡಿ ಗರಗರ. ಹೊಸದರೊಳಗ ದನಿಯನ್ನು ಅಂಕಿಗಳಾಗಿ ಮಾಡಿ, ಬಹಳಷ್ಟು ಸಣ್ಣ ಅಲೆಗಳ ಮ್ಯಾಲೆ ಹಂಚಿ ಕಳಿಸತಾರ. ದಾರಿಯೊಳಗ ಕೆಲವು ಅಂಕಿ ಕೆಟ್ಟರೂ ರೇಡಿಯೊನೇ ಲೆಕ್ಕ ಹಾಕಿ ತಿದ್ದಿಕೊಳ್ಳತೈತಿ. ಪುಣೆಯೊಳಗ ಅಣ್ಣನ ಮಗನ ಕಾರಿನಾಗ ಕೇಳಿದೆ: ಎಫ್‌.ಎಂ.ನಷ್ಟೇ ಸ್ವಚ್ಛ, ಮ್ಯಾಲ ಪರದೆಯೊಳಗ ಅಕ್ಷರ.

ಊರಿಗೆ ಬಂದವನೇ ಸೊಲ್ಲಾಪುರಕ್ಕೆ ಹೋಗಿ ನವೀ ಪೇಠದಾಗ ಕೇಳಿದೆ. ಅಂಗಡಿಯವ ನಕ್ಕ. “ಅದು ಗಾಡ್ಯಾಗ ಬರತೈತ್ರಿ ಕಾಕಾ, ಮನಿಗೆ ಅಂಥಾದ್ದು ನಮ್ಮಲ್ಲಿ ಇಲ್ಲ.”

ನನ್ನ ತಕರಾರು ಇಲ್ಲೇ. ದೇಶದ 30ಕ್ಕೂ ಹೆಚ್ಚು ಮೀಡಿಯಂ ವೇವ್ ಪ್ರೇಷಕಗಳನ್ನು ಡಿಜಿಟಲ್‌ಗೆ ಸಜ್ಜು ಮಾಡ್ಯಾರ. ಧಾರವಾಡದ 200 ಕಿಲೋವ್ಯಾಟಿನದೂ ಅದರಾಗ ಐತಿ. ಕಳಿಸುವವರ ಕಡೆ ಇಷ್ಟು ತಯಾರಿ, ಕೇಳುವವರ ಕಡೆ ಕಾರಿದ್ದವರಿಗಷ್ಟೇ ಕಿವಿ. ಹೊಲದಾಗ ಬದುವಿನ ಮ್ಯಾಲ ರೇಡಿಯೊ ಇಟ್ಟುಕೊಂಡು ಕೂಡುವವನ ಲೆಕ್ಕ ಯಾರೂ ಹಿಡಿಯಲಿಲ್ಲ.

ಇನ್ನೊಂದು ತೊಡಕೈತಿ. ಒಂದೇ ಪ್ರೇಷಕದಿಂದ ಹಳೆಯದು, ಹೊಸದು ಎರಡೂ ಕಳಿಸಿದರ ಡಿಜಿಟಲ್ ಪಾಲಿಗೆ ಶಕ್ತಿ ಕಡಿಮೆ. ಪೂರಾ ಡಿಜಿಟಲ್ ಮಾಡಿದರ ನಮ್ಮ ಮನಿಯ ಹಳೆ ರೇಡಿಯೊಗಳೆಲ್ಲ ಮೂಕ. ಡಿಜಿಟಲ್‌ನ ಸ್ವಭಾವವೂ ಬ್ಯಾರೆ. ಅಲೆ ಕ್ಷೀಣ ಆದರ ಹಳೆಯದು ಗರಗರ ಅಂತಾದರೂ ಜೋಳದ ಧಾರಣಿ ಹೇಳತೈತಿ. ಡಿಜಿಟಲ್ ಒಂದು ಮಟ್ಟದ ತನಕ ಸ್ವಚ್ಛ ಕೇಳಿಸಿ, ಆಮ್ಯಾಲ ತುಂಡು ತುಂಡಾಗಿ ಒಮ್ಮೆಲೇ ಬಾಯಿ ಮುಚ್ಚತೈತಿ. ಗಡಿಯಾಚೆ ದೂರ ಇದ್ದವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಮೊಬೈಲ್ ಆ್ಯಪ್ ಐತಲ್ಲ ಅಂತಾರ ಹುಡುಗರು. ಐತಿ, ನಾನೂ ಕೇಳತೀನಿ. ಆದರ ಅದಕ್ಕ ನೆಟ್ ಬೇಕು, ಚಾರ್ಜ್ ಬೇಕು. ಅಪ್ಪನ ರೇಡಿಯೊಕ್ಕ ಎರಡು ಸೆಲ್ ಸಾಕು. ಸಂಜೆಗೆ ಅದನ್ನ ಕಟ್ಟೆ ಮ್ಯಾಲ ಇಟ್ಟು, ದನಿ ದಪ್ಪ ಆಗೂತನಕ ಮೆಲ್ಲಗ ತಿರುಗಿಸತಾನ. ಒಳಗಿನ ಏರಿಯಲ್ ಕೋಲು ಅಲೆಗೆ ಸರಿಯಾಗಿ ಅಡ್ಡ ಬಂದಾಗ ಹಂಗ ಆಗತೈತಿ ಅಂತ ನಾನು ಹೇಳಿದರ, “ಅದು ನನಗ ಮೊದಲಿಂದ ಗೊತ್ತೈತಿ, ಸುಮ್ಮನಿರು” ಅಂತಾನ.

ನಮ್ಮ ವಾಚನಾಲಯಕ್ಕೆ ಅಂಥಾದ್ದೊಂದು ಡಿಜಿಟಲ್ ರೇಡಿಯೊ ತರಿಸಿದರ, ಅಪ್ಪನದರ ಪಕ್ಕಕ್ಕಿಟ್ಟು ಎಂಟು ದಿನ ಧಾರವಾಡ ಕೇಳಿ ನೋಡಬೇಕಂತೀನಿ.